ನೋವಿಲ್ಲದ ಹಳದಿ

ನಮ್ಮ ಬೀದಿಯ ಟೇಲರ್ ಅಕ್ಕನ ಕೆನ್ನೆಯ ಮೇಲೆ ಅರಿಶಿನದ ಬೆರಳಗೆರೆಗಳು ಕಿವಿಯವರೆಗೂ ಇರುತ್ತಿದ್ದವು. ಸ್ನಾನವಾದ ಕೂಡಲೇ ಅರಿಶಿನ ಬಳಿದುಕೊಂಡು ಮಷೀನಿಗೆ ಕೂತರೆ, ತುಟಿಯ ಮೂಲೆಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತು. ಶಿರಸಿಯ ಎಷ್ಟೋ ಮದುಮಕ್ಕಳ ರವಿಕೆ ಅವರ ಕೈಯದು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡರೆ ಬೆನ್ನಿಗೊಂದು ಮೆಲ್ಲನೆಯ ಏಟು: "ಉಸಿರು ಬಿಡೇ! ಮದ್ವೆ ಮನೇಲಿ ಊಟ ಮಾಡದೇ ಬತ್ಯಾ?"

ಆ ವರ್ಷ ಅವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂತು. ಅವರ ಮನೆತನದಲ್ಲಿ ಯಾರಿಗೂ ಇದ್ದದ್ದಲ್ಲ. ಸಡಿಲವಾದ ತಮ್ಮದೇ ರವಿಕೆಗೆ ಒಳಹೊಲಿಗೆ ಹಾಕಿಕೊಂಡು ನಗುತ್ತಿದ್ದರು. "ವಾಕಿಂಗ್ ಇಲ್ಲೆ, ಎಂತ ಇಲ್ಲೆ, ಹೊಟ್ಟೆ ತಾನೇ ಕರಗ್ತಾ ಇದ್ದು ನೋಡೇ!" ಆಮೇಲೆ ಮೈತುರಿಕೆ. ಬಟ್ಟೆ ಗೆರೆ ಹಾಕುವ ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುವುದನ್ನು ನಾನೇ ನೋಡಿದ್ದೆ.

ಒಂದು ಬೆಳಿಗ್ಗೆ ಕುತ್ತಿಗೆಯ ಅಳತೆಗೆ ಅವರ ಮುಖ ನನ್ನ ಮುಖದ ಹತ್ತಿರ ಬಂತು. ಕಣ್ಣಿನ ಬಿಳಿಯೂ ಹಳದಿ. ಅರಿಶಿನ ಅಲ್ಲಿಗೆ ತಲುಪುವುದಿಲ್ಲ.

"ಅಕ್ಕಾ, ಕಣ್ಣು ಹಳದಿ ಇದ್ದು!"

"ಕಾಮಾಲೆ ಕಾಣ್ತು. ಹೆದ್ರಡ. ನೋವಿಲ್ಲೆ, ಜ್ವರ ಇಲ್ಲೆ. ಸಿದ್ದಾಪುರದ ಬದಿ ಒಳ್ಳೆ ಔಷಧಿ ಇದ್ದಡ."

ನಮ್ಮ ಕಡೆ ಕಾಮಾಲೆಗೆ ಆಸ್ಪತ್ರೆ ನೆನಪಾಗುವುದು ಆಮೇಲೆ. ಮೊದಲು ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು, ಎಣ್ಣೆ ಬಿಟ್ಟ ಪಥ್ಯ. ಅಕ್ಕ ಸಪ್ಪೆ ಗಂಜಿ ಕುಡಿದುಕೊಂಡು ಕಟ್ಟುನಿಟ್ಟಾಗಿ ಮಾಡಿದರು. ಹಳದಿ ಇಳಿಯಲಿಲ್ಲ, ಮೈ ಇಳಿಯಿತು. "ಪಥ್ಯ ತಪ್ಪಿರ್ಬೇಕು" ಎಂದು ಔಷಧಿಯವರು ಮತ್ತೊಂದು ಸುತ್ತು ಕೊಟ್ಟರು. ಅದನ್ನೂ ಕುಡಿದರು. ಚರ್ಮ ಹಸಿರುಗಟ್ಟತೊಡಗಿದಾಗ ಅವರ ಯಜಮಾನರು ಹೆದರಿ ಹುಬ್ಬಳ್ಳಿಗೆ ಕರೆದೊಯ್ದರು. ಜೊತೆಗೆ ನಾನೂ ಹೋದೆ.

ಸ್ಕ್ಯಾನ್ ನೋಡಿದ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದರು. "ಮೇದೋಜೀರಕದಾಗ ಗಂಟೈತ್ರಿ. ಕ್ಯಾನ್ಸರ್. ಲಿವರಿಗೂ ಹೋಗೇತಿ. ಹೊಸದಾಗಿ ಬಂದ ಸಕ್ಕರಿ, ತೂಕ ಇಳಿಯೂದು, ತುರಿಕಿ, ಎಲ್ಲಾ ಇದರಿಂದನ ರೀ. ನೋವಿಲ್ಲದ ಕಾಮಾಲಿಗೇ ನಾವು ಜಾಸ್ತಿ ಹೆದರೂದ್ರಿ." ಕಾನ್ವೆಂಟಿನಲ್ಲಿ ಆ ಗ್ರಂಥಿಯ ಚಿತ್ರಕ್ಕೆ ಅಂದವಾಗಿ ಬಣ್ಣ ತುಂಬಿದ್ದೆ. ಅದು ಜಠರದ ಹಿಂದೆ ಅಡಗಿ ಕೂತು ಇಷ್ಟು ಮಾಡಬಲ್ಲದೆಂದು ತಿಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಒಮ್ಮೆ ಕೇಳಿದರು: "ಮೊದ್ಲೇ ಹೋಗಿದ್ರೆ ಗಂಟು ತೆಗೆಯಲೆ ಆಗ್ತಿತ್ತನೇ?"

ನಾನು ಹೊದಿಕೆ ಸರಿಮಾಡಿದೆ. ಡಾಕ್ಟರು "ಆಗಬಹುದಿತ್ತೇನೋ" ಎಂದಿದ್ದರು, ಅಷ್ಟೇ. ಮುಂದಿನ ಮದುವೆಗಳ ಕಾಲಕ್ಕೆ ಅಕ್ಕ ಇರಲಿಲ್ಲ.

ಈಗ ಯಾರ ಮನೆಯಲ್ಲಿ ಕಾಮಾಲೆ ಎಂದು ಕಿವಿಗೆ ಬಿದ್ದರೂ ಫೋನ್ ಮಾಡುತ್ತೇನೆ: ಮೈತುರಿಕೆ ಇದ್ದಾ? ತೂಕ ಇಳದ್ದಾ? ಸ್ಕ್ಯಾನ್ ಆತಾ? "ಶುರುವಾತು, ಸ್ಕ್ಯಾನ್ ಅತ್ತಿಗೆದು!" ಎಂದು ಮೈದುನ ನಗುತ್ತಾನೆ. ನಗಲಿ. ಹೆಚ್ಚಿನವರದು ಬರೀ ಕಾಮಾಲೆಯೇ ಆಗಿರುತ್ತದೆ. ಆದರೂ ಅವರ ವರದಿ ಬರುವವರೆಗೆ ಫೋನ್ ಮಾಡುವುದನ್ನು ನಾನು ಬಿಡುವುದಿಲ್ಲ.