ಬೆನ್ನಿಗೆ ಬಿಸಿಲು

ಅವರ ಬಲಗೈಯ ಮೂರು ಬೆರಳ ತುದಿಗಳು ಸದಾ ಕೆಂಪಾಗಿರುತ್ತಿದ್ದವು. ವಿಮಾನದ ಟಿಕೆಟ್ಟುಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲ ಅದು. ಆ ಟಿಕೆಟ್ಟುಗಳ ಕೆಂಪು ಕಾರ್ಬನ್ ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ. ದೋಹಾದ ಸಣ್ಣ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಕುಳಿತಿರುತ್ತಿದ್ದ ಅವರು ಮಂಗಳೂರು ಕಡೆಯವರು, ಮನೆಮಾತು ಬ್ಯಾರಿ. ಮೈಸೂರಿನವರಾದ ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು.

ಜನರನ್ನು ದೇಶದೇಶಕ್ಕೆ ಕಳಿಸುತ್ತಿದ್ದ ಸಾಹೇಬರು ತಾವು ಮಾತ್ರ ಮಂಗಳೂರು, ಬೊಂಬಾಯಿ, ದೋಹಾ ಬಿಟ್ಟು ಬೇರೆ ಊರು ಕಂಡವರಲ್ಲ. ಆದರೂ ಟಿಕೆಟ್ಟಿನ ಜೊತೆ ಕೈಯಲ್ಲಿ ಬರೆದ ಒಂದು ನಕ್ಷೆ ಕೊಡುತ್ತಿದ್ದರು. ಪುಸ್ತಿಕೆಗಳನ್ನು ಓದಿ, ಹೋಗಿ ಬಂದವರನ್ನು ಕೆದಕಿ ಕೇಳಿ, ಆ ಊರಿನ ನಡುಪೇಟೆಯ ಹಳೆಯ ಕಟ್ಟಡಗಳನ್ನೆಲ್ಲ ಅದರಲ್ಲಿ ಗುರುತಿಸಿರುತ್ತಿದ್ದರು. "ಇಲ್ಲಿ ಹಳೆ ಮನೆಗಳೆಲ್ಲ ಖಲಾಸ್ ಆಗ್ತಾ ಉಂಟು. ಉಳಿಸಿಕೊಂಡವರ ಊರಿಗೆ ಹೋದಾಗ ನೋಡಿ ಬರ್ಬೇಕು," ಎನ್ನುತ್ತಿದ್ದರು. ಅವರ ಅಪ್ಪ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದವರು. ಹಾಗಾಗಿ ಮಗನಿಗೂ ದಿಕ್ಕೆಂದರೆ ಸೂರ್ಯನೇ. ಐನ್ ಖಾಲಿದ್‌ನ ನಮ್ಮ ಮನೆಗೆ ಯಾರಾದರೂ ದಾರಿ ಕೇಳಿದರೂ ಬಿಸಿಲು ಯಾವ ಕಡೆ ಬೀಳಬೇಕೆಂದೇ ಹೇಳುತ್ತಿದ್ದರು.

ಒಂದು ಜೂನ್‌ನಲ್ಲಿ ಆಫೀಸು ನನ್ನನ್ನು ತರಬೇತಿಗೆ ಮೆಲ್ಬರ್ನ್‌ಗೆ ಕಳಿಸಿತು. ಸಾಹೇಬರು ಆ ಊರಿನ ನಕ್ಷೆ ಬರೆದದ್ದು ಅದೇ ಮೊದಲು. ಸಾಲು ಗಡಿಯಾರಗಳಿರುವ ಹಳೆಯ ರೈಲ್ವೆ ನಿಲ್ದಾಣ, ಎದುರಿಗೆ ಚರ್ಚು, ಆಮೇಲೆ ಟೌನ್ ಹಾಲ್, ಗುಮ್ಮಟದ ಲೈಬ್ರರಿ, ಕೊನೆಗೆ ಹಳೆಯ ಜೈಲು. ಕೆಳಗೆ ಒಂದು ಸಾಲು: ನಡುಹಗಲಲ್ಲಿ ನಿಲ್ದಾಣದಿಂದ ಹೊರಟು ಬಿಸಿಲು ಬೆನ್ನಿಗೆ ಬೀಳುವಂತೆ ನೇರ ನಡೆಯಿರಿ. ಎಲ್ಲ ಸರಿ ಉಂಟಾ ಎಂದು ಬಂದು ಹೇಳಬೇಕೆಂದು ಎರಡು ಸಲ ಹೇಳಿ ಕಳಿಸಿದರು.

ನನಗೆ ಬಿಡುವಿದ್ದದ್ದು ಒಂದೇ ಮಧ್ಯಾಹ್ನ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಡೆದೆ. ಸೇತುವೆ ಬಂತು, ನದಿ ದಾಟಿದೆ, ಬರೀ ತೋಟಗಳು. ಲೈಬ್ರರಿಯೂ ಇಲ್ಲ, ಜೈಲೂ ಇಲ್ಲ. ಕೊನೆಗೆ ಒಬ್ಬ ಪೊಲೀಸ್ ನಕ್ಕು ಹೇಳಿದ: ಭೂಮಿಯ ಈ ಭಾಗದಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ, ನೀನು ಪೇಟೆಗೆ ಬೆನ್ನು ಹಾಕಿ ನಡೆದಿದ್ದೀಯ. ಅಷ್ಟರಲ್ಲಿ ವಿಮಾನದ ಹೊತ್ತಾಗಿತ್ತು.

ದೋಹಾಕ್ಕೆ ಬಂದಾಗ ಸಾಹೇಬರ ಮುಖ ನೋಡಿ ನನಗೆ ನಿಜ ಹೇಳಲು ಮನಸ್ಸಾಗಲಿಲ್ಲ. ಎಲ್ಲ ನೋಡಿದೆ, ನಕ್ಷೆ ಕರಾರುವಾಕ್ಕಾಗಿದೆ ಎಂದೆ. ಲೈಬ್ರರಿಯ ಗುಮ್ಮಟವನ್ನು ಬಣ್ಣಿಸಿಯೂ ಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

ಆರು ತಿಂಗಳ ಮೇಲೆ ಟಿಕೆಟ್ಟಿಗೆಂದು ಹೋದಾಗ ದೋಹಾ ಪಕ್ಕದ ಅಲ್ ರಯ್ಯಾನ್‌ನ ಹಿರಿಯ ದಂಪತಿ ಅಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಮಗಳ ಮನೆಗೆ ಹೋಗಿ ಬಂದವರು. ಅದೇ ನಕ್ಷೆ ಹಿಡಿದು, ಮಂಡಿ ನೋವಿನ ಅಜ್ಜಿ ಸೇತುವೆಯಾಚೆ ನಡೆದು ಬಿದ್ದು, ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದರು. ಸಾಹೇಬರು ಎದ್ದು ನಿಂತು ಕ್ಷಮೆ ಕೇಳಿದರು. ದಂಪತಿ ಹೋದ ಮೇಲೆ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ತಪ್ಪು ನಂದೇ. ಆದ್ರೆ ನೀವು ಅವತ್ತೇ ಹೇಳಿದ್ರೆ ಆ ಅಮ್ಮನ ಕಾಲು ಉಳೀತಿತ್ತಲ್ಲ ಮಾರಾಯ್ರೆ."

ಅಂದಿನಿಂದ ಅವರು ಯಾರಿಗೂ ನಕ್ಷೆ ಕೊಡಲಿಲ್ಲ. ನಾನೂ ಬೇರೆ ಕಡೆ ಟಿಕೆಟ್ ಮಾಡಿಸತೊಡಗಿದೆ, ನಾಚಿಕೆಯಿಂದ.

ಮರುವರ್ಷ ಎದೆನೋವಿನಿಂದ ಸಾಹೇಬರು ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಫೋನ್ ಮಾಡಿ ಕರೆದು, ಡ್ರಾಯರಿನಲ್ಲಿ ಸಿಕ್ಕಿದ್ದೆಂದು ನನ್ನ ಹೆಸರಿನ ಲಕೋಟೆ ಕೊಟ್ಟರು. ಒಳಗೆ ಮೆಲ್ಬರ್ನ್‌ನ ಹೊಸ ನಕ್ಷೆ. ಸೂರ್ಯನನ್ನು ಉತ್ತರಕ್ಕೆ ಬರೆದು, "ಬಿಸಿಲು ಮುಖಕ್ಕೆ" ಎಂದಿತ್ತು. ಅಂಚಿನಲ್ಲಿ ಕೆಂಪು ಬೆರಳಿನ ಗುರುತು. ಕೆಳಗೆ: ಪುನಃ ಹೋದ್ರೆ ತಪ್ಪಿದ್ದನ್ನು ತಿದ್ದಿ ಕೊಡಿ.

ಎರಡು ವರ್ಷ ಕಳೆದು ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಮೆಲ್ಬರ್ನ್‌ಗೆ ಹೋದೆ. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ನಿಲ್ದಾಣದಿಂದ ಜೈಲಿನವರೆಗೂ ನಡೆದೆ. ಟೌನ್ ಹಾಲನ್ನು ಅವರು ರಸ್ತೆಯ ಎಡಕ್ಕೆ ಬರೆದಿದ್ದರು. ಅದು ಇದ್ದದ್ದು ಬಲಕ್ಕೆ. ಅದರ ಮೆಟ್ಟಿಲ ಮೇಲೆ ಕುಳಿತು, ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲಿನಲ್ಲಿ ತಿದ್ದಿದೆ.