ಮಾಡದಲ್ಲಿ ಬಿಟ್ಟುಹೋದ ಲಿಂಗ

ನಮ್ಮ ಮನೆಯವರು ಕೆಲಸಕ್ಕೆ ಹೊರಬಿದ್ದ ಕೂಡಲೇ ನಾನು ಗೋಡೆ ನೋಡುತ್ತಿದ್ದೆ. ದಾಂಡೇಲಿಯ ಆ ಬಾಡಿಗೆ ಮನೆಯ ಒಳಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗೂಡಿತ್ತು; ನಮ್ಮ ಕಡೆ ಅದಕ್ಕೆ ಮಾಡ ಅನ್ನುತ್ತೇವೆ. ಅದರೊಳಗೆ ವಿಭೂತಿ, ಒಂದು ದೀಪ, ಒಂದು ಹಿತ್ತಾಳೆಯ ಗಂಟೆ. ಇವಿಷ್ಟೇ ಕಂಡರೆ ಹೋದ ಜೀವ ಬಂದಂತಾಗುತ್ತಿತ್ತು. ಇವುಗಳ ನಡುವೆ ಅವರ ಲಿಂಗದ ಕರಡಿಗೆಯೂ ಇದ್ದರೆ, ಅಂದರೆ ಹಗಲೂ ರಾತ್ರಿ ಎದೆಯ ಮೇಲೆ ಇರಬೇಕಾದ ಆ ಬೆಳ್ಳಿಯ ಡಬ್ಬಿ ದಾರದ ಸಮೇತ ಅಲ್ಲಿ ಕೂತಿದ್ದರೆ, ಅವತ್ತು ಅವರು ಕುಡಿಯುತ್ತಾರೆ ಎಂದೇ ಅರ್ಥ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸೂಪಾದ ಹತ್ತಿರ ಅಣೆಕಟ್ಟಿನ ಕೆಲಸ ನಡೆದಿತ್ತು, ರಸ್ತೆಯ ತುಂಬ ಲಾರಿಗಳೇ. ನಮ್ಮವರೂ ಒಬ್ಬ ಸಾವ್ಕಾರನ ಲಾರಿ ಓಡಿಸುತ್ತಿದ್ದರು. ಬೆಳಿಗ್ಗೆ ಖಾಲಿ ಲಾರಿ ತಗೊಂಡು ಜೋಯಿಡಾ ದಾಟಿ ಕುಂಬಾರವಾಡದ ಕಡೆ ಹೋದರೆ, ಬಿದಿರು ಹೇರಿಕೊಂಡು ದಾಂಡೇಲಿಯ ಕಾಗದದ ಗಿರಣಿಗೆ ತಿರುಗಿ ಬರುವಾಗ ಹೊತ್ತು ಇಳಿದಿರುತ್ತಿತ್ತು. ಆ ಕಡೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಡಿನ ತಿರುವುಗಳಲ್ಲಿ ಲಾರಿ ಉರುಳಿಬಿದ್ದರೆ ಸುದ್ದಿ ಬರುವುದಕ್ಕೂ ಇನ್ನೊಂದು ಲಾರಿಯೇ ಬರಬೇಕು. ಹೀಗಾಗಿ ಮಾಡದಲ್ಲಿ ಲಿಂಗ ಕಂಡ ದಿನ ನನಗೆ ಒಲೆಯ ಮುಂದೆಯೂ ಆ ತಿರುವುಗಳೇ. ರೊಟ್ಟಿ ಬಡಿಯುತ್ತ ಕಿವಿ ರಸ್ತೆಗೆ ಇಟ್ಟಿರುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಇದು ತಿಳಿದದ್ದು ಮದುವೆಯಾದ ವರ್ಷ. ಅವರು ಲಿಂಗ ಮರೆತು ಹೋದರೆಂದು ನಾನು ಗಾಬರಿಯಾಗಿ, ಸಂಜೆ ಬಂದಕೂಡಲೇ ಕೈಗೆ ಕೊಡಲು ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಬಾಯಿಂದ ಗೇರುಹಣ್ಣಿನ ಸೆರೆಯ ವಾಸನೆ. ಗೋವಾ ಅಲ್ಲಿಂದ ದೂರವಿರಲಿಲ್ಲ. ಮರುದಿನ ತಲೆ ತಗ್ಗಿಸಿ ಹೇಳಿದರು: ಲಿಂಗ ಮೈಮೇಲೆ ಇಟ್ಟುಕೊಂಡು ಕುಡಿಯುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟಿದ್ದಾರಂತೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತಲ್ಲ ಎಂದು ನಾನು ಹಂಗಿಸಿದೆ. ಆಗ ನನಗೆ ನಗು ಬಂದಿತ್ತು. ಆ ಮಾತನ್ನು ಅವರು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಾರೆ ಎಂಬುದು ಮುಂದೆ ತಿಳಿಯಿತು.

ಹೊಡೆಯುವ ಗಂಡನಾಗಿದ್ದರೆ ಸಿಟ್ಟಾದರೂ ಸಲೀಸಾಗಿ ಬರುತ್ತಿತ್ತು. ಇವರು ಕುಡಿದು ಬಂದರೆ ಮೂಲೆ ಹಿಡಿದು ಕೂರುವವರು, ಕಾಲು ತೊಳೆಯಲು ನೀರು ಕೊಟ್ಟರೆ ಅಳುವವರು. ಕುಡಿಯದ ದಿನಗಳ ಮನುಷ್ಯನೋ, ಅವರಂಥವರು ಇನ್ನೊಬ್ಬರು ಸಿಗಲಿಕ್ಕಿಲ್ಲ. ಕಾಡಿನಿಂದ ಎಲೆಯಲ್ಲಿ ಕವಳಿಹಣ್ಣು ಕಟ್ಟಿಕೊಂಡು ಬರುತ್ತಿದ್ದರು. ನನ್ನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗಂಡಸು ಬೆಳ್ಳುಳ್ಳಿ ಸುಲಿಯುವುದನ್ನು ಚಿಗಳ್ಳಿಯ ನನ್ನ ತವರಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಎಡಗೈಯ ಮೇಲೆ ಲಿಂಗ ಇಟ್ಟುಕೊಂಡು ಕೂತಿರುವಾಗ ನಾನು ಬಾಗಿಲ ಮರೆಯಿಂದ ಅವರ ಬೆನ್ನು ನೋಡುತ್ತ ನಿಲ್ಲುತ್ತಿದ್ದೆ. ನನಗೆ ಅವರೆಂದರೆ ಬಹಳ ಪ್ರೀತಿ. ಪೂಜೆ ಮುಗಿದ ಮೇಲೆ ಆ ಕೈ ಕೊರಳಿಗೆ ಹೋಗುತ್ತದೋ ಮಾಡಕ್ಕೆ ಹೋಗುತ್ತದೋ ಎಂಬುದನ್ನು ಮಾತ್ರ ನೋಡುವ ಧೈರ್ಯ ಇರುತ್ತಿರಲಿಲ್ಲ. ಒಳಗೆ ಹೋಗಿ ಚಹಾ ಸೋಸುತ್ತಿದ್ದೆ.

ಮಗಳು ಹುಟ್ಟಿ, ಬೆಳೆದು, ಶಾಲೆಗೆ ಹೋಗುವಷ್ಟಾದ ಮೇಲೆ ಈ ಗೋಡೆ ನೋಡುವ ಕೆಲಸ ಇನ್ನೂ ದೊಡ್ಡದಾಯಿತು. ಆಕೆಗೆ ಲಾರಿಯ ಹುಚ್ಚು. ಭಾನುವಾರ ಶಾಲೆ ಇಲ್ಲ, ಲಾರಿಗೆ ರಜೆಯಿಲ್ಲ; ಅಪ್ಪನ ಪಕ್ಕ ಕೂತು ಕುಂಬಾರವಾಡಕ್ಕೆ ಹೋಗಿ ಬರುವುದೇ ಆಕೆಯ ಹಬ್ಬ. ಅವರಿಗೂ ಮಗಳು ಪಕ್ಕದಲ್ಲಿದ್ದರೆ ದಾರಿ ಸಾಗುತ್ತಿತ್ತು. ಭಾನುವಾರ ಅವರು ಪೂಜೆ ಮುಗಿಸಿ ಲಾರಿಯ ಹತ್ತಿರ ಹೋಗುವುದರೊಳಗೆ ನಾನು ಮಾಡ ನೋಡಿ ಬರುತ್ತಿದ್ದೆ. ಲಿಂಗ ಅಲ್ಲಿ ಇಲ್ಲದಿದ್ದರೆ ಮಗಳಿಗೆ ಎರಡು ಜಡೆ ಹಾಕಿ, ಡಬ್ಬಿಯಲ್ಲಿ ರೊಟ್ಟಿ ಕೊಟ್ಟು ಕಳಿಸುತ್ತಿದ್ದೆ. ಲಿಂಗ ಅಲ್ಲಿದ್ದರೆ ಆಕೆಯ ಹಣೆಗೆ ಕೈ ಹಚ್ಚಿ, ಜ್ವರ ಬಂದಿದೆ, ಇವತ್ತು ಬೇಡ ಎನ್ನುತ್ತಿದ್ದೆ. ಮಗಳು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ನಮ್ಮವರು ನನ್ನ ಮುಖ ನೋಡಿ ಲಾರಿ ಹತ್ತುತ್ತಿದ್ದರು. ನನ್ನ ಮಗಳಷ್ಟು ಜ್ವರ ಬಂದ ಹುಡುಗಿ ಇಡೀ ದಾಂಡೇಲಿಯಲ್ಲಿ ಇರಲಿಲ್ಲ.

ಪಕ್ಕದ ಮನೆಯಲ್ಲಿದ್ದ ಗೆಳತಿಗೆ ಮಾತ್ರ ಈ ಜ್ವರದ ಗುಟ್ಟು ಗೊತ್ತಿತ್ತು. ಆಕೆ ಹಳಿಯಾಳದ ಕಡೆಯ ಹಳ್ಳಿಯ ಸಿದ್ದಿ ಹೆಂಗಸು, ಗಂಡ ಹೆಂಡತಿ ಇಬ್ಬರೂ ಕಟ್ಟಿಗೆಯ ಡಿಪೋದಲ್ಲಿ ದುಡಿಯುವವರು, ಭಾನುವಾರ ಚರ್ಚಿಗೆ ಹೋಗುವವರು. ಅವರ ಮನೆಯಲ್ಲಿ ಕುಡಿಯುವವರಿರಲಿಲ್ಲ. ಅದಕ್ಕೇ ಏನೋ, ನಮ್ಮ ಮನೆಯ ಲೆಕ್ಕಾಚಾರ ಆಕೆಗೆ ವಿಚಿತ್ರವಾಗಿ ಕಾಣುತ್ತಿತ್ತು. ಒಮ್ಮೆ ನೀರು ಹಿಡಿಯುವಾಗ ಅಂದಳು:

"ದಿನಾ ಗ್ವಾಡಿ ಕೇಳ್ತೀರಿ. ಗಂಡನ್ನ ಒಮ್ಮೆರ ಕೇಳೀರೇನ್ರಿ ಅಕ್ಕಾರ?"

ನನಗೆ ಸಿಟ್ಟು ಬಂತು. ಎರಡು ದಿನ ಆಕೆಯ ಜೊತೆ ಮಾತು ಬಿಟ್ಟೆ. ಗಂಡನನ್ನು ಕೇಳಿದರೆ ಅವರು ಸುಳ್ಳು ಹೇಳಬಹುದು, ಗೋಡೆ ಹೇಳುವುದಿಲ್ಲ. ಇದು ಆಕೆಗೆ ಹೇಗೆ ತಿಳಿಯಬೇಕು?

ಒಂದು ಮಳೆಗಾಲ ಮುಗಿದ ಮೇಲೆ ಹಳಿಯಾಳದ ಹತ್ತಿರದ ಹಳ್ಳಿಯಿಂದ ಅತ್ತೆ ಬಂದರು. ಮಗನ ಕುಡಿತ ಅವರಿಗೆ ಗೊತ್ತಿತ್ತು, ಆದರೆ ಕಣ್ಣಾರೆ ಕಂಡಿರಲಿಲ್ಲ. ಬಂದ ಮರುದಿನವೇ ಮಾಡಕ್ಕೆ ದೀಪ ಹಚ್ಚಲು ಹೋದವರು ಹಾಗೇ ನಿಂತುಬಿಟ್ಟರು. ಕರಡಿಗೆ ಅಲ್ಲಿತ್ತು, ಮಗ ಹೋಗಿಯಾಗಿತ್ತು. ಕುಡಿಯದಿರಲಿ ಎಂದು ಮಗನಿಂದ ಪಡೆದ ಮಾತನ್ನು ಮಗ ಹೀಗೆ ಬಳಸುತ್ತಿರಬಹುದೆಂದು ಅವರು ಎಣಿಸಿರಲಿಲ್ಲ. ಲಿಂಗ ಮೈಯಿಂದ ಅಗಲಿದರೆ ತಿರುಗಿ ಕೂಡುವ ತನಕ ಊಟ ಮಾಡಬಾರದು ಎನ್ನುವ ಹಳೆಯ ಕಾಲದವರು ಅತ್ತೆ. ಮಗನ ಬದಲು ತಾವೇ ಉಪವಾಸ ಕೂತರು. ಸಂಜೆ ಮಗ ತೂರಾಡುತ್ತ ಬಂದಾಗಲೂ ಹನಿ ನೀರು ಕುಡಿದಿರಲಿಲ್ಲ.

ಮಾರನೆಯ ದಿನವೇ ಅತ್ತೆ ದಾರಿ ಹುಡುಕಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾರಿ. ನಮ್ಮ ಮನೆತನದ ಗುರುಗಳಾದ ಅಯ್ಯನವರನ್ನು ಊರಿಂದ ಕರೆಸಿದರು. ಹೊಸ ದಾರ ಕಟ್ಟಿಸಿ, ಇನ್ನು ಉಸಿರಿರುವ ತನಕ ಲಿಂಗ ಮೈಯಿಂದ ತೆಗೆಯುವುದಿಲ್ಲ ಎಂದು ಮಗನಿಂದ ಆಣೆ ಮಾಡಿಸಿದರು. ಪೂಜೆಗೆ ಕರಡಿಗೆ ಬಿಚ್ಚಿದರೂ ದಾರ ಕೊರಳಲ್ಲೇ ಇರಬೇಕು.

"ಲಿಂಗ ಇದ್ರ ಕುಡಿಯಾಂಗಿಲ್ಲ. ಲಿಂಗ ತಗಿಯಾಂಗಿಲ್ಲ. ಇನ್ನ ಹೆಂಗ ಕುಡೀತಾನ, ಹೇಳು?" ಅಂದರು ಅತ್ತೆ ನನಗೆ.

ಲೆಕ್ಕ ಸರಿಯಾಗಿಯೇ ಇತ್ತು. ನಾನು ಹೋಳಿಗೆ ಮಾಡಿದೆ, ಪಕ್ಕದ ಮನೆಗೂ ಕೊಟ್ಟೆ. ಗೆಳತಿ ಹೋಳಿಗೆ ತಿಂದಳು, ತಟ್ಟೆ ತೊಳೆದು ತಿರುಗಿ ಕೊಟ್ಟಳು.

ಅವರು ನಿಜವಾಗಿಯೂ ಬಿಟ್ಟರು. ಮೊದಲ ದಿನಗಳಲ್ಲಿ ಕೈ ಎಷ್ಟು ನಡುಗುತ್ತಿತ್ತೆಂದರೆ ಚಹಾದ ಬಸಿ ಎರಡೂ ಕೈಯಲ್ಲಿ ಹಿಡಿಯಬೇಕಾಗುತ್ತಿತ್ತು. ಕೆಲಸಕ್ಕೆ ಹೋಗದೆ ಹೊಸ್ತಿಲ ಮೇಲೆ ಕೂತು ಬೆವರುತ್ತಿದ್ದರು. ಅತ್ತೆ ಮಗನ ಬೆನ್ನು ಸವರುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಆಮೇಲೆ ಊಟ ಸೇರತೊಡಗಿತು, ಲಾರಿ ಹತ್ತಿದರು, ಕವಳಿಹಣ್ಣಿನ ಕಾಲ ಬಂದಾಗ ಎಲೆಯ ಗಂಟು ತಪ್ಪಲಿಲ್ಲ. ಅತ್ತೆ ಗೆದ್ದ ಮುಖ ಹೊತ್ತು ಊರಿಗೆ ಹೋದರು. ಮಗಳು ಪ್ರತಿ ಭಾನುವಾರ ಲಾರಿ ಹತ್ತಿದಳು. ನನಗೆ ಸುಖವಾಗಿತ್ತೇ ಎಂದರೆ, ಇತ್ತು. ಆದರೂ ಅವರು ಹೊರಟಕೂಡಲೇ ಕಾಲು ಒಳಕೋಣೆಗೆ ಎಳೆಯುತ್ತಿತ್ತು. ಮಾಡದಲ್ಲಿ ವಿಭೂತಿ, ದೀಪ, ಗಂಟೆ. ದಿನಾ ಅಷ್ಟೇ. ಒಂದೇ ಮಾತು ಹೇಳುವ ಗೋಡೆಯನ್ನು ಎಷ್ಟೆಂದು ನಂಬುವುದು?

ಒಂದು ಸಂಜೆ ಅವರು ತಡಮಾಡಿ ಬಂದರು. ಬಾಗಿಲಲ್ಲೇ ವಾಸನೆ ಬಡಿಯಿತು. ನನ್ನ ಕಣ್ಣು ತಾನಾಗಿ ಅವರ ಎದೆಗೆ ಹೋಯಿತು. ಅಂಗಿಯ ಗುಂಡಿ ಬಿಚ್ಚಿತ್ತು, ಕರಡಿಗೆ ಅಲ್ಲೇ ಹೊಳೆಯುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಕೂಡಲೇ ಅಂಗೈಯಿಂದ ಕರಡಿಗೆಯನ್ನು ಮುಚ್ಚಿಕೊಂಡರು, ಮಗುವಿನ ಕಣ್ಣು ಮುಚ್ಚುವ ಹಾಗೆ. ಆ ಕೈಯನ್ನು ನಾನು ಎಂದೂ ಮರೆಯಲಾರೆ. ಅವತ್ತು ಅವರು ಅಳಲಿಲ್ಲ, ಕಾಲಿಗೆ ನೀರೂ ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು.

ಅಲ್ಲಿಂದ ಮುಂದೆ ನನ್ನ ದಿನಗಳು ಮೊದಲಿಗಿಂತ ಕೆಟ್ಟವು. ಒಮ್ಮೆ ಲಿಂಗದ ಸಮೇತ ಕುಡಿದವರಿಗೆ ಇನ್ನೊಮ್ಮೆ ಯಾವ ಅಡ್ಡಿ? ಮೊದಲು ಅವರು ಬಾಯಿ ಬಿಡದೆಯೇ ದಿನಾ ಬೆಳಿಗ್ಗೆ ನನಗೆ ನಿಜ ಹೇಳಿ ಹೋಗುತ್ತಿದ್ದರು. ಕುಡಿಯುವ ಗಂಡನನ್ನು ಕಟ್ಟಿಕೊಂಡವಳಿಗೆ ಅದಕ್ಕಿಂತ ಹೆಚ್ಚಿನ ಭಾಗ್ಯ ಯಾವುದಿದೆ? ಆ ಭಾಗ್ಯವನ್ನು ಆಣೆ ಮಾಡಿಸಿ ಕಟ್ಟಿಹಾಕಿಬಿಟ್ಟೆವು. ಈಗ ಕೊರಳಲ್ಲಿ ಲಿಂಗ ಯಾವಾಗಲೂ ಇತ್ತು, ಅವರ ಮುಖ ಮಾತ್ರ ಮುಚ್ಚಿಕೊಂಡಿತ್ತು. ಸ್ನಾನ, ಪೂಜೆ ಎಲ್ಲ ಬಾಗಿಲು ಹಾಕಿಕೊಂಡೇ. ಬೆಳ್ಳುಳ್ಳಿ ಸುಲಿಯಲು ಬರುತ್ತಿರಲಿಲ್ಲ. ಯಾವ ದಿನ ಕುಡಿಯುತ್ತಾರೆ, ಯಾವ ದಿನ ಇಲ್ಲ ಎಂಬುದು ಸಂಜೆಯ ತನಕ ತಿಳಿಯುವಂತಿರಲಿಲ್ಲ. ಮಗಳಿಗೆ ನಾನು ಭಾನುವಾರ ಭಾನುವಾರ ಜ್ವರ ತರಿಸತೊಡಗಿದೆ. ಆಕೆಯಾದರೂ ಎಷ್ಟು ನಂಬಿಯಾಳು? ನಂಬುವುದನ್ನು ಬಿಟ್ಟಳು.

ಒಂದು ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಹುಡುಗಿ ಅರ್ಧ ಹೆಣೆದ ಜಡೆಯಲ್ಲೇ ಓಡಿಹೋಗಿ ಲಾರಿ ಹತ್ತಿ ಕೂತಿದ್ದಳು. ಇಂಜಿನ್ನಿನ ಸದ್ದು ಕೇಳಿ ಒದ್ದೆ ಕೈಯಲ್ಲೇ ಓಡಿದೆ. ಕ್ಲೀನರ್ ಜೋಯಿಡಾದಲ್ಲಿ ಹತ್ತುವವನು. ಲಾರಿಯಲ್ಲಿ ಅಪ್ಪ ಮಗಳು ಇಬ್ಬರೇ. ಅವರು ಗೇರ್ ಹಾಕುವುದರಲ್ಲಿದ್ದರು. ನಾನು ಅವರ ಕಡೆಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಜ್ವರದ ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಪಕ್ಕದ ಮನೆಯ ಗೆಳತಿ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟವಳು ರಸ್ತೆಯ ಆಚೆ ನಿಂತಿದ್ದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಕೇಳದೇ ಇದ್ದದ್ದನ್ನು ಕೇಳಿದೆ:

"ಇವತ್ತ ಕುಡಿಯೂದು ಐತೇನ್ರಿ?"

ಅವರು ನನ್ನ ಕಡೆ ನೋಡಲಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆ ನೋಡುತ್ತ ಕೂತರು. ಕೈ ಸ್ಟೇರಿಂಗಿನ ಮೇಲಿಂದ ಎದೆಗೆ ಬಂತು, ಅಂಗಿಯ ಮೇಲಿಂದಲೇ ಕರಡಿಗೆಯನ್ನು ಮುಟ್ಟಿತು, ಕೆಳಗಿಳಿಯಿತು. ಆಮೇಲೆ ಇಂಜಿನ್ ಬಂದ್ ಮಾಡಿ ಇಳಿದರು. ಲಾರಿಯ ಮುಂದಿನಿಂದ ಸುತ್ತಿ ಆಚೆಯ ಬಾಗಿಲು ತೆಗೆದು, ಮಗಳನ್ನು ಎತ್ತಿಕೊಂಡು ತಂದು ನನ್ನ ತೋಳಿಗೆ ಕೊಟ್ಟರು.

"ಇಕಿನ್ನ ಮನ್ಯಾಗ ಇಟ್ಕೊ," ಅಂದರು.

"ನೀವೂ ಹೋಗಬ್ಯಾಡ್ರಿ," ಅಂದೆ.

ಅವರು ತಲೆ ಅಲ್ಲಾಡಿಸಿದರು. ಆಗದು ಎಂದರೋ, ತಿಳಿಯದು ಎಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಲಾರಿ ಹೊರಟುಹೋಯಿತು. ನನಗೆ ಅಳು ಬಂತು. ಆ ಅಳುವಿನಲ್ಲಿ ಹೆದರಿಕೆಯ ಜೊತೆ ಸಂತೋಷವೂ ಇತ್ತು ಎಂದರೆ ನಗಬೇಡಿ. ಕಳೆದುಹೋಗಿದ್ದ ನನ್ನ ಮನುಷ್ಯ ಅಷ್ಟು ತಿಂಗಳ ಮೇಲೆ ಮತ್ತೆ ನಿಜ ಹೇಳಿದ್ದರು.

ಮಗಳು ತೋಳಿನಲ್ಲಿ ಒದ್ದಾಡಿ, ನನ್ನ ಕೈ ಎಳೆದು ತನ್ನ ಹಣೆಗೆ ಒತ್ತಿಕೊಂಡಳು.

"ನೋಡವ್ವಾ, ನನಗ ಜ್ವರ ಇಲ್ಲ."

"ಇಲ್ಲವ್ವ," ಅಂದೆ. "ಜ್ವರ ನಿಮ್ಮಪ್ಪಗ ಐತಿ."

ಅವತ್ತು ಇಡೀ ಹಗಲು ನಾನು ರಸ್ತೆಗೆ ಕಿವಿಯಿಟ್ಟು ಕೂತೆ. ಗಿರಣಿಯ ಸಂಜೆಯ ಭೋಂಗಾ ಕೂಗಿದ ಮೇಲೆ ಅವರು ಬಂದರು. ಕುಡಿದಿದ್ದರು. ಕೈಯಲ್ಲಿ ಎಲೆಯ ಗಂಟಿತ್ತು. ಹೊಸ್ತಿಲ ಮೇಲೆ ಕುಸಿದು ಕೂತು ಗಂಟನ್ನು ಮಗಳ ಕಡೆ ಚಾಚಿದರು. ಆಕೆ ಅದನ್ನು ತಗೊಂಡು ಕೆಳಗಿಟ್ಟಳು. ಆಮೇಲೆ, ನಾನು ಆಕೆಗೆ ಮಾಡುತ್ತಿದ್ದ ಹಾಗೆಯೇ, ಅಂಗೈ ಬಿಡಿಸಿ ಅವರ ಹಣೆಗೆ ಹಚ್ಚಿ ನೋಡಿದಳು.

"ಬಾಳ ಐತವ್ವಾ," ಅಂದಳು ನನಗೆ.

ಅವರು ಕಣ್ಣು ಮುಚ್ಚಿಕೊಂಡು ಆ ಕೈಯ ಕೆಳಗೆ ಹಾಗೇ ಕೂತಿದ್ದರು. ನಾನು ಕಾಲು ತೊಳೆಯಲು ನೀರು ತರಲು ಒಳಗೆ ಹೋದೆ. ಮಾಡದ ಕಡೆ ನೋಡಲಿಲ್ಲ.