ಕರಡಿಗೆ ಹದಿನೈದು ಅಂಕ

ನನಗೊಂದು ಕೆಟ್ಟ ಚಟವಿದೆ: ಯಾರಿಗೂ ಗೊತ್ತಿಲ್ಲದ್ದನ್ನು ತಿಳಿದುಕೊಂಡು, ಅದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಹಿಗ್ಗುವುದು. ಮೇಷ್ಟರಿಗೆ ಈ ಚಟವಿದ್ದರೆ ಜನ ಬೈಯುವುದಿಲ್ಲ, ಕ್ವಿಜ್ ನಡೆಸಲು ಕರೆಯುತ್ತಾರೆ. ಕೂಡ್ಲಿಗಿಯಲ್ಲಿ ತಾಲ್ಲೂಕಿನ ಶಾಲೆಗಳು ವರ್ಷಕ್ಕೊಮ್ಮೆ ಸೇರಿದಾಗ ಪ್ರಶ್ನೆ ಹಾಕುವವನು ನಾನೇ.

ನಮ್ಮ ಪದ್ಧತಿ ಹೀಗೆ. ಒಂದೊಂದು ಪ್ರಶ್ನೆಗೂ ಮೂರು ಸುಳಿವು. ಮೊದಲನೆಯದು ಪಂಡಿತರಿಗೆ, ಕೊನೆಯದು ಪಾಮರರಿಗೆ. ಮೊದಲ ಸುಳಿವಿಗೇ ಹಲಗೆಗೆ ಬಿಗಿದ ಸೈಕಲ್ ಗಂಟೆ ಬಾರಿಸಿ ಉತ್ತರ ಹೇಳಿದರೆ ಹದಿನೈದು ಅಂಕ, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಐದು. ನನ್ನ ಹದಿನೈದನ್ನು ಯಾರೂ ಮುಟ್ಟಿರಲಿಲ್ಲ. ಮಕ್ಕಳು ಕಣ್ಣು ಕಣ್ಣು ಬಿಡುವುದನ್ನು ನೋಡಿ ಒಳಗೊಳಗೇ ಮೀಸೆ ತಿರುವುತ್ತಿದ್ದೆ. ದೇವರಾಣೆಗೂ ಇದು ಮೇಷ್ಟರು ಪಡಬಾರದ ಸಂತೋಷ.

ಕಳೆದ ಸಲ ಕೊನೆಯ ಪ್ರಶ್ನೆಗೆ ಬಂದಾಗ ಗುಡೇಕೋಟೆ ಕಡೆಯ ತಂಡ ಹತ್ತು ಅಂಕ ಹಿಂದಿತ್ತು. ಜಿಲ್ಲೆಗೆ ಹೋಗುವುದು ಒಂದೇ ತಂಡ. ಹದಿನೈದು ಸಿಕ್ಕರಷ್ಟೇ ಇವರು ಗೆಲ್ಲುತ್ತಿದ್ದರು. ಪಾಪ ಅಂದುಕೊಳ್ಳುತ್ತಲೇ, ದಪ್ಪ ಪುಸ್ತಕವೊಂದರಿಂದ ಹೆಕ್ಕಿದ್ದನ್ನು ಓದಿದೆ: "ಈ ಪ್ರಾಣಿ ಗೆದ್ದಲನ್ನು ಹೀರಿ ತಿನ್ನುವ ಸದ್ದು ಬಲು ದೂರ ಕೇಳಿಸುತ್ತದೆ."

ಟ್ರಿಣ್! ಆ ತಂಡದ ರೇಣುಕಾ ಎಂಬ ಹುಡುಗಿ ಎದ್ದು ನಿಂತು, "ಕರಡಿ ರೀ ಸಾರ್" ಅಂದಳು.

ಪ್ರಶ್ನೆಪತ್ರಿಕೆ ಸೋರಿದೆಯೇ? ಸೋರಿದ್ದರೆ ಅಂಕ ರದ್ದು. "ಯಾವ ಪುಸ್ತಕದಾಗ ಓದಿದಿ? ಖರೇ ಹೇಳು" ಎಂದು ಎಲ್ಲರೆದುರೇ ಗದರಿಸಿದೆ.

"ಪುಸ್ತಕದಾಗ ಎಲ್ಲೈತ್ರಿ? ಶೇಂಗಾ ಹೊಲಕ್ಕ ಹೋದಾಗ ಗುಡ್ಡದ ಕಡಿಂದ ಕೇಳ್ತೈತ್ರಿ. ಆ ಸದ್ದು ಬಂತಂದ್ರ ನಮ್ಮವ್ವ, ಸಾಕು ಮನಿಗೆ ನಡಿ ಅಂತಾಳ."

ಸಭೆಯೆಲ್ಲ ಗೊಳ್ಳೆಂದಿತು. ನನಗೆ ನಾಚಿಕೆಯಾಯಿತು. ಕರಿಹಲಗೆಯ ಮೇಲೆ ಹದಿನೈದು ಬರೆದೆ. ಗುಡೇಕೋಟೆ ಕಡೆಯವರು ಕುಣಿದಾಡಿದರು.

ಎಲ್ಲ ಮುಗಿದ ಮೇಲೆ ರೇಣುಕಾ ಬಂದು, ಉಳಿದ ಸುಳಿವು ಏನಿದ್ದವೆಂದು ಕೇಳಿದಳು. ಹಾಲು ಕುಡಿಯುವ ಕೂಸಿಗೂ ತಿಳಿಯುವಂತಿರಲಿ ಎಂದು ಬರೆದಿದ್ದ ಕೊನೆಯ ಸುಳಿವನ್ನು ಓದಿದೆ: "ಪುಟ್ಟ ಮಕ್ಕಳು ಇದರ ಗೊಂಬೆಯನ್ನು ತಬ್ಬಿಕೊಂಡು ಮಲಗುತ್ತಾರೆ."

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಇದು ಭಾಳ ಕಠಿಣ ಐತ್ರಿ ಸಾರ್. ಕರಡಿ ಅಂದ್ರ ನಮ್ಮೂರಾಗ ದೊಡ್ಡೋರೇ ಓಡ್ತಾರ, ತಬ್ಕೊಂಡು ಯಾರು ಮಲಗ್ತಾರ್ರಿ? ಹದಿನೈದು ಇದಕ್ಕ ಇಡ್ರಿ."

ಈ ವರ್ಷದ ಪ್ರಶ್ನೆಗಳು ಸಿದ್ಧವಾಗಿವೆ. ಯಾವ ಸುಳಿವನ್ನು ಮೊದಲು ಓದಬೇಕು ಎಂಬುದೇ ತಿಳಿಯುತ್ತಿಲ್ಲ. ರೇಣುಕಾಳನ್ನೇ ಕೇಳೋಣವೆಂದರೆ, ಪ್ರಶ್ನೆಪತ್ರಿಕೆಯನ್ನು ನಾನೇ ಸೋರಿಸಿದಂತಾಗುತ್ತದೆ.